ಮೈಕಣ್ಣ ನಡೆಸಿಕೊಟ್ಟ ಶಾಂತ ಸಭೆ

ಮೈಕಣ್ಣನಿಗೆ ಜನರೆಂದರೆ ಕುರ್ಚಿ ತುಂಬಿಸುವ ಸಾಮಾನು. ಪೆಂಡಾಲು, ಕುರ್ಚಿ, ಮೈಕು, ಜನರೇಟರು ಬಾಡಿಗೆಗೆ ಕೊಡುವ ಕಸುಬು ಅವನದು. ವರ್ಷಗಟ್ಟಲೆ ಪೆಂಡಾಲಿನ ಕಂಬಕ್ಕೊರಗಿ ನಿಂತು ಸಭೆ ನೋಡಿದವನಿಗೆ ಮನುಷ್ಯಜಾತಿಯ ಮೇಲೆ ಗೌರವ ಉಳಿಯುವುದು ಕಷ್ಟವೇ ಅನ್ನಿ. ಮೇಲೆ ಕೂತವರು ಸುಳ್ಳು ಹೇಳುತ್ತಾರೆ, ಕೆಳಗೆ ಕೂತವರು ಆಕಳಿಸುತ್ತಾರೆ, ಕೊನೆಗೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ, ನೀರಿನ ಬಾಟಲಿಯನ್ನು ಕುರ್ಚಿಯ ಕೆಳಗೆ ಎಸೆದು ಮನೆಗೆ ಹೋಗುತ್ತಾರೆ. “ಜನಕ್ಕೇನ್ ಬೇಕು? ನೆರಳು, ಕುರ್ಚಿ, ಒಂದ್ ಬಾಟ್ಲಿ ನೀರು. ಮಾತು ಯಾವನಿಗೆ ಬೇಕಾಗಿದೆ?” ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಿದ್ದ. ತಾನೂ ಆ ಜನರಲ್ಲೊಬ್ಬ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಸಾಕಿದ್ದು ಅಕ್ಕ. ಊರಿನ ಅಂಚಿನಲ್ಲಿ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ದಿಬ್ಬದ ಕೆಳಗೆ ಒಂದು ಓಣಿ. ಓಣಿಯ ಕೊನೆಯ ಮನೆ ಅವಳದು. ಹಿತ್ತಿಲಲ್ಲಿ ಬಾವಿ, ಬಾವಿಗೊಂದು ಮೋಟಾರು, ಸಾಲಾಗಿ ಸಿಮೆಂಟಿನ ತೊಟ್ಟಿಗಳು, ಅದರಾಚೆ ಬಟ್ಟೆ ಒಣಹಾಕುವ ತಂತಿಗಳು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದುಕೊಡುವುದು ಅಕ್ಕನ ಕೆಲಸ. ರಕ್ತ, ಔಷಧಿ, ಇನ್ನೂ ಹೇಳಬಾರದ ಏನೇನೋ ಕಲೆಗಳೆಲ್ಲ ಆ ತೊಟ್ಟಿಗಳಲ್ಲಿ ಹೋಗಿ, ಬಟ್ಟೆ ಬೆಳ್ಳಗೆ ಹೊರಬರುತ್ತಿತ್ತು. “ನನ್ನ ಕೈಗುಣ ಅಲ್ಲ, ಬಾವಿ ನೀರಿನ ಗುಣ” ಅನ್ನುತ್ತಿದ್ದಳು. ಓಣಿಯ ಅರ್ಧ ಹೆಂಗಸರು ಅವಳ ತೊಟ್ಟಿಗಳಲ್ಲೇ ದುಡಿದು ಮನೆ ನಡೆಸುತ್ತಿದ್ದರು. ಮೈಕಣ್ಣನ ಕುರ್ಚಿಗಳ ಬಿಳಿ ಗವಸು, ವೇದಿಕೆಯ ಬಿಳಿ ಪರದೆ ಎಲ್ಲವನ್ನೂ ಅಕ್ಕನೇ ಒಗೆಯುತ್ತಿದ್ದಳು, ಬಿಡಿಗಾಸು ಮುಟ್ಟದೆ. ತಮ್ಮನ ಸಾಮಾನು ಕೊಳೆಯಾಗಿ ಕಂಡರೆ ತನಗೇ ಅವಮಾನ ಎಂದು ಅವಳ ಲೆಕ್ಕ.

ಆದರೆ ಸರ್ಕಾರಿ ಅಹವಾಲು ಸಭೆಗಳಿಗೆ ಮೈಕಣ್ಣನೇ ಆಗಬೇಕು ಎನ್ನುವ ಮಟ್ಟಿಗೆ ಅವನ ಹೆಸರು ಬೆಳೆದದ್ದು ಬಿಳಿ ಬಟ್ಟೆಯಿಂದಲ್ಲ. ಅಹವಾಲು ಸಭೆ ಎಂದರೆ, ಒಂದು ಕಡೆ ಏನಾದರೂ ದೊಡ್ಡದನ್ನು ಕಟ್ಟುವ ಮೊದಲು ಅಲ್ಲಿನವರನ್ನು ಕೂರಿಸಿ “ನಿಮ್ಮ ಅಭಿಪ್ರಾಯ ಹೇಳಿ” ಎಂದು ಕೇಳುವ ಶಾಸ್ತ್ರ. ಅಲ್ಲಿ ಆಡಿದ್ದೆಲ್ಲ ಮೈಕಣ್ಣನ ಯಂತ್ರದಲ್ಲೇ ರೆಕಾರ್ಡಾಗಿ ಮೇಲಿನವರಿಗೆ ಹೋಗುತ್ತಿತ್ತು. ಇಂಥ ಸಭೆಗೆಂದು ಅವನು ಎರಡು ಮೈಕು ಇಟ್ಟಿದ್ದ. ವೇದಿಕೆಯದು ಒಳ್ಳೆಯ ಮೈಕು. ಸಾಹೇಬರು ಗಂಟಲು ಸರಿಮಾಡಿಕೊಂಡರೂ ಹಿಂದಿನ ಸಾಲಿಗೆ ಕೇಳಿಸುತ್ತಿತ್ತು. ಜನರ ಮೈಕು ಬೇರೆ. ಅದನ್ನು ವೇದಿಕೆಯ ಬುಡದಲ್ಲಿ, ದೊಡ್ಡ ಸ್ಪೀಕರಿನ ಬಾಯಿಗೆ ನೇರವಾಗಿ ನಿಲ್ಲಿಸುತ್ತಿದ್ದ. ಜನರೇಟರು ಅದೇ ಪಕ್ಕದ ಪರದೆಯ ಹಿಂದೆ ಗುರುಗುಡುತ್ತಿತ್ತು. ಮಾತಾಡುವವನು ಸ್ವಲ್ಪ ಬಿಸಿಯಾದ ಎನ್ನುವಾಗ ಮೈಕಣ್ಣ ವಾಲ್ಯೂಮ್ ಗುಂಡಿಯನ್ನು ತುಸು ತಿರುಗಿಸಿದರೆ ಸಾಕು, ಮೈಕು ಕೀಂಯ್ ಎಂದು ಕಿರುಚುತ್ತಿತ್ತು. ಜನ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಎರಡು ಸಲ ಹೀಗಾದರೆ ಎಂಥ ಗಂಡುಗಲಿಯೂ ಮಾತು ಮರೆತು, ಬೆವರು ಒರೆಸಿಕೊಳ್ಳುತ್ತಾ ತನ್ನ ಕುರ್ಚಿ ಹುಡುಕುತ್ತಿದ್ದ. ಬಾಯಿ ಮುಚ್ಚು ಎಂದರೆ ಮನುಷ್ಯ ಜಗಳಕ್ಕೆ ಬರುತ್ತಾನೆ, ಸುತ್ತಲಿನವರು ನಕ್ಕರೆ ತಾನಾಗಿಯೇ ಮುಚ್ಚುತ್ತಾನೆ. ಇದು ಮೈಕಣ್ಣ ಕಂಡುಕೊಂಡ ವಿದ್ಯೆ.

ಇದನ್ನು ಮಾಡು ಎಂದು ಯಾವ ಅಧಿಕಾರಿಯೂ ಅವನಿಗೆ ಬಾಯಿಬಿಟ್ಟು ಹೇಳಿದ್ದಿಲ್ಲ. ಅವರು ಹೇಳುತ್ತಿದ್ದದ್ದು ಇಷ್ಟೇ: “ಸಭೆ ಶಾಂತವಾಗಿ ನಡೀಬೇಕು, ನೋಡ್ಕೊಳ್ಳಪ್ಪ.” ಮೈಕಣ್ಣ ನೋಡಿಕೊಳ್ಳುತ್ತಿದ್ದ. ಸಾಹೇಬರು ಕೈ ತೊಳೆದುಕೊಂಡು ಊಟಕ್ಕೆ ಏಳುತ್ತಿದ್ದರು.

ಹೀಗಿರುವಾಗ ಬಂತು ಖನಿಜದ ಗಲಾಟೆ. ಫೋನಿಗೆ, ಬ್ಯಾಟರಿಗೆ, ಗಾಳಿಯಂತ್ರದ ಅಯಸ್ಕಾಂತಕ್ಕೆ, ಎಲ್ಲದಕ್ಕೂ ಬೇಕಾದ ಅಪರೂಪದ ಖನಿಜಗಳು ನಮ್ಮ ಮಣ್ಣಿನಲ್ಲೇ ಇವೆಯಂತೆ. ಅಗೆದ ಮಣ್ಣನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸಿ, ಅವರು ಶುದ್ಧಮಾಡಿದ್ದನ್ನು ದುಬಾರಿಗೆ ಕೊಂಡು ತರುತ್ತಿದ್ದೇವಂತೆ. ಇದೆಂಥ ದಡ್ಡತನ ಎಂದು ದೊಡ್ಡವರಿಗೆಲ್ಲ ಒಂದೇ ದಿನ ಜ್ಞಾನೋದಯವಾಯಿತು. ದೇಶದ ಮಣ್ಣು ದೇಶದಲ್ಲೇ ಶುದ್ಧವಾಗಬೇಕು ಎಂದು ಭಾಷಣಗಳಾದವು. ಆ ಭಾಷಣಗಳಿಗೂ ಮೈಕಣ್ಣನದೇ ಮೈಕು. ಎಲ್ಲರೂ ಎದೆ ಉಬ್ಬಿಸಿ ಚಪ್ಪಾಳೆ ತಟ್ಟಿದರು. ಶುದ್ಧಮಾಡುವ ಕಾರ್ಖಾನೆ ಎಂದರೆ ಟ್ಯಾಂಕರುಗಟ್ಟಲೆ ಆಮ್ಲ, ಕೆರೆಯಷ್ಟು ನೀರು, ಕೊನೆಗೆ ಯಾರೂ ಮೂಸಿ ನೋಡದ ಕೊಳೆಯ ಹೊಂಡ ಎಂದು ಗೊತ್ತಾದ ಮೇಲೆ ಚಪ್ಪಾಳೆ ತಣ್ಣಗಾಯಿತು. ಈಗ ಎಲ್ಲರಿಗೂ ಕಾರ್ಖಾನೆ ದೇಶದಲ್ಲೇ ಆಗಬೇಕು, ಆದರೆ ಪಕ್ಕದ ಊರಿನಲ್ಲಿ. ಬಂದರಿನ ಮುಖಂಡ ಗಣಿಯ ಕಡೆ ಬೆರಳು ತೋರಿಸಿದ, ಗಣಿಯ ಮುಖಂಡ ಬಂದರಿನ ಕಡೆ ತೋರಿಸಿದ. ಜಾಗ ಆರಿಸಲು ಒಂದು ಸಮಿತಿ ಹುಟ್ಟಿತು. ಸಮಿತಿಯ ಅಧ್ಯಕ್ಷರು ದೊಡ್ಡ ಸಾಹೇಬರು. ತಮ್ಮ ಬಡಾವಣೆಗೆ ಕಸದ ಲಾರಿ ಬರುವ ದಾರಿಯನ್ನೇ ಶಬ್ದವಾಗುತ್ತದೆಂದು ಬದಲಾಯಿಸಿದ ಪುಣ್ಯಾತ್ಮ ಅವರು. ಅವರ ಹಿಂದೆ ಫೈಲು ಹಿಡಿದು ಓಡುವವನು ಸಣ್ಣ ಸಾಹೇಬ.

ಮೊದಲ ಸಭೆ ಗಣಿಯ ಊರಿನಲ್ಲಿ. ಮಣ್ಣು ಅಲ್ಲೇ ಸಿಗುತ್ತದೆ, ಸಾಗಿಸುವ ಖರ್ಚಿಲ್ಲ ಎಂಬುದು ಸಮಿತಿಯ ವಾದ. ಮೈಕಣ್ಣ ತನ್ನ ಪದ್ಧತಿಯಂತೆ ಎಲ್ಲವನ್ನೂ ಜೋಡಿಸಿದ. ಆದರೆ ಅಲ್ಲಿಯವರು ಅವನ ಮೈಕಿನ ಹತ್ತಿರ ಸುಳಿಯಲೇ ಇಲ್ಲ. ಖಾಲಿ ಬಿಂದಿಗೆ ಬಡಿಯುತ್ತಾ ಒಳನುಗ್ಗಿ, ಗಂಟಲು ಹರಿದುಕೊಂಡು ಕೂಗಿದರು. ದೊಡ್ಡ ಸಾಹೇಬರು ಹಿಂಬಾಗಿಲಿಂದ ಕಾರು ಹತ್ತಿದರು. ಎರಡನೆಯದು ಬಂದರಿನಲ್ಲಿ. ಆಮ್ಲ ಹಡಗಿನಲ್ಲೇ ಬಂದಿಳಿಯುತ್ತದೆ, ಅನುಕೂಲ ಎಂದರು. ಮೀನು ಹಿಡಿಯುವವರು ಮಾತಿಗೂ ಕಾಯಲಿಲ್ಲ. ಸಾಲಾಗಿಟ್ಟ ಕುರ್ಚಿಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆದರು. ಅಲೆಯ ಮೇಲೆ ತೇಲುತ್ತಿದ್ದ ತನ್ನ ಬಿಳಿ ಗವಸುಗಳನ್ನು ನೋಡಿ ಮೈಕಣ್ಣ ಹಲ್ಲು ಕಡಿದ. “ನಾಗರಿಕತೆ ಇಲ್ಲದ ಜನ. ಮೈಕ್ ಕೊಟ್ಟಿದ್ದೀವಿ, ಬಂದು ಮಾತಾಡೋಕೇನು ರೋಗ?” ಎಂದು ಬೈದುಕೊಳ್ಳುತ್ತಾ ಉಳಿದದ್ದನ್ನು ಲಾರಿಗೆ ಹೇರಿಸಿದ.

ಮೂರನೆಯ ಜಾಗದ ಹೆಸರನ್ನು ಅವನು ಎರಡು ಸಲ ಕೇಳಿ ಖಚಿತಮಾಡಿಕೊಂಡ. ಅಕ್ಕನ ಓಣಿಯ ಮೇಲಿನ ಇಟ್ಟಿಗೆ ಕಾರ್ಖಾನೆಯ ದಿಬ್ಬ. ಸರ್ಕಾರದ್ದೇ ಜಾಗ, ಪಕ್ಕದಲ್ಲೇ ರೈಲು ಹಳಿ, ವಿದ್ಯುತ್ ತಂತಿ ಎಂದು ಯಾವನೋ ಕೂತಲ್ಲೇ ಕಂಡುಹಿಡಿದಿದ್ದ. ವಾರ್ಡ್ ಕಚೇರಿಯ ಗೋಡೆಗೆ ನಕ್ಷೆ ಅಂಟಿಸಿದರು. ಕೊಳೆಯ ಹೊಂಡ ದಿಬ್ಬದ ಈ ಪಕ್ಕಕ್ಕೆ, ಅಕ್ಕನ ಬಾವಿಯ ನೇರ ಮೇಲಕ್ಕೆ ಇತ್ತು. ಅದಕ್ಕೆ ತಿಳಿನೀಲಿ ಬಣ್ಣ ಬಳಿದಿದ್ದರು.

“ನೀಲಿ ಬಳಿದಿದ್ದಾರಲ್ಲೋ, ಕಮಲ ಅರಳೋ ಹಾಗೆ!” ಎಂದಳು ಅಕ್ಕ, ನಕ್ಷೆ ನೋಡಿ ಬಂದವಳು. “ಅದೆಲ್ಲ ಇಳಿದು ಬಾವಿಗೇ ತಾನೇ ಬರೋದು? ಆಮೇಲೆ ಆಸ್ಪತ್ರೆಯವ್ರಿಗೆ ಏನು ಒಗೆದುಕೊಡ್ಲಿ?”

ಮೈಕಣ್ಣ ನೇರ ಸಣ್ಣ ಸಾಹೇಬನ ಕೋಣೆಗೆ ಹೋದ. ಸಣ್ಣ ಸಾಹೇಬ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ: “ಯಾಕ್ ತಲೆ ಕೆಡಿಸ್ಕೋತೀಯ? ಜಾಗ ಬಂದರಿನದೇ ಅಂತ ಮೇಲಿನವ್ರು ಯಾವಾಗ್ಲೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮೂರು ಜಾಗ ನೋಡಿದೀವಿ ಅಂತ ತೋರಿಸ್ಬೇಕಲ್ಲ, ಅದಕ್ಕೆ ನಿಮ್ಮದು. ಬರೀ ಲೆಕ್ಕಕ್ಕೆ. ಇದೊಂದಾದ್ರೂ ಶಾಂತವಾಗಿ ನಡೀಲಿ, ನನ್ನ ಮರ್ಯಾದೆ ಉಳಿಸು. ಮುಂದೆ ಇಲಾಖೆಯ ಸಭೆಗಳೆಲ್ಲ ನಿನಗೇ ಅಂತ ನಾನು ನೋಡ್ಕೋತೀನಿ.”

ಅಧಿಕಾರಿಗಳ ಮಾತನ್ನು ನಂಬುವ ಜನರನ್ನು ನೋಡಿ ಜೀವಮಾನವಿಡೀ ಮೂಗು ಮುರಿದವನು, ಪುಸಕ್ಕನೆ ನಂಬಿಬಿಟ್ಟ. ನಂಬಿದ್ದಷ್ಟೇ ಅಲ್ಲ, ಒಳಗಿನ ಸುದ್ದಿ ತನಗೊಬ್ಬನಿಗೇ ಗೊತ್ತು ಎಂದು ಬೀಗಿದ. ಮೂರ್ಖನಿಗೆ ಕಿವಿಯ ಹತ್ತಿರ ಬಂದು ಹೇಳಿದ್ದೆಲ್ಲ ಸತ್ಯವಾಗಿ ಕೇಳಿಸುತ್ತದೆ. ಅಕ್ಕನ ಮನೆಗೆ ಬಂದು ಹೇಳಿದ, “ನೀನು ಸುಮ್ನಿರು. ಅದೆಲ್ಲ ಬರೀ ನಾಟಕ.”

“ನಾಟಕ ಆದ್ರೆ ನಂಗೂ ಒಂದು ಪಾತ್ರ ಇರ್ಲಿ ಬಿಡೋ” ಎಂದಳು ಅಕ್ಕ. “ಒಂದೇ ಒಂದು ಮಾತು ಹೇಳಿ ಕೂತ್ಕೋತೀನಿ.”

ಓಣಿಯಲ್ಲಿ ಆಗಲೇ ಮಾತು ಹೊತ್ತಿಕೊಂಡಿತ್ತು. ಗಣಿಯವರ ಹಾಗೆ ಬಿಂದಿಗೆ ಬಡಿಯೋಣ ಎಂದರು ಕೆಲವರು. ಬಂದರಿನವರ ಹಾಗೆ ಕುರ್ಚಿ ಎಸೆಯೋಣ ಎಂದರು ಇನ್ನು ಕೆಲವರು. ಅವರಿಗೆಲ್ಲ ಅಡ್ಡ ನಿಂತವಳು ಅಕ್ಕ. “ಯಾರ ಕುರ್ಚಿ ಎಸೀತೀರ? ನಮ್ಮ ಹುಡುಗನದೇ ಕುರ್ಚಿ, ನಮ್ಮ ಹುಡುಗನದೇ ಮೈಕು. ಬೇರೆ ಊರಲ್ಲಿ ಕೇಳಿಸ್ಲಿಲ್ಲ, ಕೂಗಿದ್ರು. ನಮಗೇನಾಗಿದೆ? ಮರ್ಯಾದೆಯಾಗಿ ಹೋಗಿ ಮಾತಾಡೋಣ” ಎಂದಳು. ಎಲ್ಲರೂ ಹೌದೆಂದರು. ಮನೆಯವನೇ ಮೈಕು ಹಿಡಿದಿರುವಾಗ ಗಂಟಲು ಯಾಕೆ ಹರಿದುಕೊಳ್ಳಬೇಕು? ಆ ಬಡಪಾಯಿಗಳು ಮಾಡಿದ ತಪ್ಪು ಅದೊಂದೇ, ಮೈಕಣ್ಣನನ್ನು ತಮ್ಮವನೆಂದುಕೊಂಡದ್ದು.

ಸಭೆಯ ಹಿಂದಿನ ದಿನ ಅಕ್ಕ ಗವಸುಗಳನ್ನು ಒಗೆದು, ಇಸ್ತ್ರಿ ಮಾಡಿ ಕೊಟ್ಟಳು. ಒಣಹಾಕಿದ ಹಾಸಿಗೆ ಬಟ್ಟೆಗಳ ಮುಂದೆ ನಿಂತು, ಹೊಂಡವನ್ನು ದಿಬ್ಬದ ಆ ಕಡೆಗೆ ಹಾಕಿ ಎಂಬ ತನ್ನ ಮಾತನ್ನು ಅಭ್ಯಾಸ ಮಾಡುತ್ತಿದ್ದುದನ್ನು ಮೈಕಣ್ಣ ನೋಡಿದ. ಅವನಿಗೆ ನಗು ಬಂತು. ಆ ನಗುವಿನಲ್ಲಿ ಸ್ವಲ್ಪ ಪ್ರೀತಿಯೂ ಇತ್ತು ಎಂದು ಹೇಳದಿದ್ದರೆ ನನ್ನ ಮಾತು ಸುಳ್ಳಾದೀತು.

“ಅಕ್ಕಾ, ನಿನ್ನ ಮಾತು ಕೊನೇ ಸಾಲಿಗೂ ಕೇಳಿಸೋ ಹಾಗೆ ಮಾಡ್ತೀನಿ, ಹೆದರ್ಬೇಡ” ಎಂದ.

“ಹೆದರಿಕೆ ಏನಕ್ಕೆ? ನೀನಿದ್ದೀಯಲ್ಲ” ಎಂದಳು.

ಮರುದಿನ ಬೆಳಿಗ್ಗೆ ಪೆಂಡಾಲು ಎದ್ದಿತು. ಜನರೇಟರು ಎಲ್ಲಿಡಲಿ ಎಂದು ಆಳು ಕೇಳಿದಾಗ ಮೈಕಣ್ಣ ತಲೆ ಎತ್ತದೆ, “ಯಾವಾಗ್ಲೂ ಎಲ್ಲಿಡ್ತೀಯೋ ಅಲ್ಲೇ” ಅಂದ. ಜನರ ಮೈಕು ಕೂಡ ತಾನು ನಿಲ್ಲುವ ಕಡೆಯೇ, ಸ್ಪೀಕರಿನ ಬಾಯಿಗೆ ನೇರವಾಗಿ ನಿಂತಿತು. ಅಕ್ಕ ಮಾತಾಡುವಾಗ ಗುಂಡಿ ಸರಿಮಾಡಿದರಾಯಿತು ಎಂದುಕೊಂಡ. ಓಣಿಯವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು, ಕೊಟ್ಟ ಕುರ್ಚಿಗಳಲ್ಲಿ ಕೈಕಟ್ಟಿ ಕೂತರು. ಒಬ್ಬರೂ ಚಕಾರ ಎತ್ತಲಿಲ್ಲ. ದೊಡ್ಡ ಸಾಹೇಬರಿಗೆ ಇಂಥ ಜನರನ್ನು ಕಂಡು ಎಷ್ಟು ಸಂತೋಷವಾಯಿತೆಂದರೆ, ಕಾರಿನ ಚಾಲಕನಿಗೆ ಎಂಜಿನ್ ಆರಿಸಲು ಹೇಳಿಕಳಿಸಿದರು.

ಸಾಹೇಬರು ದೇಶದ ಬಗ್ಗೆ ಮಾತಾಡಿದರು. ಸಮಿತಿಯ ಎಂಜಿನಿಯರು ಪರದೆಯ ಮೇಲೆ ನೀಲಿ ಹೊಂಡ ತೋರಿಸಿದ. ಆಮೇಲೆ ಜನರ ಸರದಿ. ಮೊದಲು ಎದ್ದ ಅಂಗಡಿಯವನು ಕೆಲಸ ಸಿಗುವುದೇ ಎಂದು ಕೇಳಿದ. ದೊಡ್ಡ ಸಾಹೇಬರು ತಲೆ ಅಲ್ಲಾಡಿಸಿ “ದಾಖಲಾಯಿತು, ಮುಂದೆ” ಎಂದರು. ಮಾಸ್ತರು ಹೊಗೆಯ ಬಗ್ಗೆ ಏನೋ ಕೇಳಿದರು. “ದಾಖಲಾಯಿತು, ಮುಂದೆ.”

ಅಕ್ಕ ಎದ್ದಳು. ಸೋಪಿನಲ್ಲಿ ನೆಂದು ನೆಂದು ಬೆಳ್ಳಗಾದ ಬೆರಳುಗಳಿಂದ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ತಮ್ಮನ ಕಡೆ ಒಮ್ಮೆ ನೋಡಿ ನಕ್ಕಳು.

“ಸ್ವಾಮಿ, ನಾವು ಕಾರ್ಖಾನೆ ಬೇಡ ಅನ್ನಲ್ಲ” ಎಂದಳು. ದನಿ ಚೆನ್ನಾಗಿಯೇ ಕೇಳಿಸಿತು. “ಎಲ್ಲೋ ಒಂದು ಕಡೆ ಆಗ್ಲೇಬೇಕು, ಸರಿ. ಆದ್ರೆ...”

ಸಣ್ಣ ಸಾಹೇಬ ವೇದಿಕೆಯ ಅಂಚಿನಿಂದ ಮೈಕಣ್ಣನ ಕಡೆ ನೋಡಿದ. ನೋಡಿದ್ದಷ್ಟೇ, ಹುಬ್ಬು ಕೂಡ ಏರಿಸಲಿಲ್ಲ. ಮೈಕಣ್ಣನ ಬೆರಳು ಗುಂಡಿಯ ಮೇಲಿತ್ತು. ಅದು ತಿರುಗಿತು.

ಕೀಂಯ್ ಎಂದು ಮೈಕು ಕಿರುಚಿತು. ಅಕ್ಕ ಬೆಚ್ಚಿ ಹಿಂದೆ ಸರಿದಳು. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಅವಳು ಮತ್ತೆ ಹತ್ತಿರ ಬಂದು ಬಾಯಿ ತೆರೆದಳು. ಮತ್ತೆ ಕಿರುಚಿತು. ಈಗ ಅವಳ ಓಣಿಯವರೇ ಕಿವಿ ಮುಚ್ಚಿಕೊಂಡು ನಕ್ಕರು, ಅವಳ ತೊಟ್ಟಿಗಳಲ್ಲಿ ದುಡಿಯುವ ಹೆಂಗಸರೂ. ಆದರೂ ಅವಳು ನಿಲ್ಲಿಸಲಿಲ್ಲ. ಮೈಕಣ್ಣ ದನಿಯನ್ನು ಪೂರ್ತಿ ಇಳಿಸಿದ. ಜನರೇಟರಿನ ಗುರುಗುಡುವಿಕೆಯ ನಡುವೆ ಅಕ್ಕನ ತುಟಿಗಳು ಆಡುತ್ತಲೇ ಇದ್ದವು, ಕೈ ದಿಬ್ಬದ ಆಚೆ ಪಕ್ಕವನ್ನು ತೋರಿಸುತ್ತಿತ್ತು. ದೊಡ್ಡ ಸಾಹೇಬರು ಅವಳ ಬಾಯಿ ನಿಲ್ಲುವ ತನಕ ತಾಳ್ಮೆಯಿಂದ ತಲೆ ಅಲ್ಲಾಡಿಸಿ, “ದಾಖಲಾಯಿತು, ಮುಂದೆ” ಎಂದರು.

ಕೈ ರೂಢಿಯ ಮೇಲೆ ತಿರುಗಿಬಿಟ್ಟಿತು ಎಂದು ಮೈಕಣ್ಣ ಆಮೇಲೆ ತನಗೆ ತಾನೇ ಹೇಳಿಕೊಂಡ. ಹೇಗೂ ಜಾಗ ಬಂದರಿನದೇ, ಇಲ್ಲಿ ಯಾರು ಏನಂದರೆ ಏನು ಎಂದೂ ಹೇಳಿಕೊಂಡ. ಥೂ! ಕೈ ಯಾರದಾಗಿತ್ತು?

“ಮೈಕ್ ಯಾಕೋ ಕೈ ಕೊಡ್ತಲ್ಲೋ” ಎಂದಳು ಅಕ್ಕ ಸಂಜೆ. ಅವಳಿಗೆ ಆಗಲೂ ಅನುಮಾನವಿರಲಿಲ್ಲ. “ನಂಗೇ ಹಿಡಿಯೋಕೆ ಬರ್ಲಿಲ್ಲ ಅನ್ಸತ್ತೆ. ಎಲ್ಲಾ ನಕ್ಕರು.”

“ಹಳೇ ಮೈಕು ಅಕ್ಕಾ. ಬಿಡು, ಇಲ್ಲಿಗೆ ಬರಲ್ಲ ಅದು” ಎಂದ ಮೈಕಣ್ಣ. ಅವಳು ಒಳಗೆ ಹೋಗಿ ಅವನಿಗೆ ಊಟ ಬಡಿಸಿದಳು. ಅವನು ಉಂಡ.

ಮಳೆಗಾಲ ಮುಗಿದ ಮೇಲೆ ಸಣ್ಣ ಸಾಹೇಬ ಕರೆಸಿದ. ಮುಖ ಊರಗಲವಾಗಿತ್ತು. “ಬಾರಯ್ಯ ಬಾ! ಶಂಕುಸ್ಥಾಪನೆಗೆ ದೊಡ್ಡ ಪೆಂಡಾಲು ಬೇಕು. ಮಂತ್ರಿಗಳು ಬರ್ತಾರೆ.”

“ಬಂದರಿಗಾ ಸಾರ್?”

“ಬಂದರಿಗೆ ಯಾವನಯ್ಯ ಹೋಗ್ತಾನೆ, ಕುರ್ಚಿ ಜೊತೆ ನಮ್ಮನ್ನೂ ಎಸೀತಾರೆ. ಮೇಲಿನವ್ರು ರೆಕಾರ್ಡಿಂಗ್ ಎಲ್ಲಾ ಕೇಳಿದ್ರು. ಗಣಿಯಲ್ಲಿ ಗಲಾಟೆ, ಬಂದರಲ್ಲಿ ಗಲಾಟೆ. ಆಕ್ಷೇಪಣೆ ಇಲ್ದೆ ಶಾಂತವಾಗಿ ನಡೆದದ್ದು ನಿಮ್ಮದೊಂದೇ. ನಿಮ್ಮೂರಿಗೇ ಬಂತು ನೋಡು. ಅದಕ್ಕೆ ನೀನೇ ಕಾರಣ ಅಂತ ನಾನು ಎಲ್ಲರ ಹತ್ರ ಹೇಳಿದ್ದೀನಿ!”

ಮೈಕಣ್ಣ ಪಕ್ಕದ ಕೋಣೆಯಲ್ಲಿದ್ದ ಎಂಜಿನಿಯರಿನ ಮುಂದೆ ಹೋಗಿ ಕೈ ಹೊಸೆಯುತ್ತಾ ನಿಂತ. “ಸಾರ್, ಆ ಹೊಂಡ... ದಿಬ್ಬದ ಆ ಕಡೆ ಹಾಕೋಕಾಗಲ್ವಾ?”

ಎಂಜಿನಿಯರು ಫೋನಿನಿಂದ ತಲೆ ಎತ್ತಿದ. “ಹಾಕಬಹುದಿತ್ತಪ್ಪ. ನಮಗೆ ಎರಡೂ ಒಂದೇ. ಸಭೆಯಲ್ಲಿ ಯಾರಾದ್ರೂ ಕೇಳಿದ್ರೆ ಬದಲಾಯಿಸ್ತಿದ್ವಿ. ಯಾರೂ ಕೇಳ್ಲಿಲ್ವಲ್ಲ. ಈಗ ಸಹಿ ಆಗೋಯ್ತು.”

“ಕೇಳಿದ್ರು ಸಾರ್. ನಮ್ಮಕ್ಕ ಕೇಳಿದ್ಲು.”

“ಹೌದಾ?” ಎಂಜಿನಿಯರು ಬೇಸರದಿಂದಲೇ ಆ ಜಾಗವನ್ನು ಹುಡುಕಿ ರೆಕಾರ್ಡಿಂಗ್ ಹಾಕಿದ. ಮೈಕಣ್ಣನ ಯಂತ್ರದಲ್ಲೇ ಆದ ರೆಕಾರ್ಡಿಂಗ್, ಬಲು ಸ್ವಚ್ಛವಾಗಿತ್ತು. ‘ಸ್ವಾಮಿ, ನಾವು ಕಾರ್ಖಾನೆ ಬೇಡ ಅನ್ನಲ್ಲ. ಎಲ್ಲೋ ಒಂದು ಕಡೆ ಆಗ್ಲೇಬೇಕು, ಸರಿ. ಆದ್ರೆ...’ ಆಮೇಲೆ ಕೀಂಯ್. ಆಮೇಲೆ ನಗು. ಆಮೇಲೆ ಬರೀ ಗುರುಗುರು. ಕೊನೆಗೆ ದೊಡ್ಡ ಸಾಹೇಬರ ದನಿ, ಗಂಟೆ ಹೊಡೆದ ಹಾಗೆ.

“ಒಪ್ಕೊಂಡೇ ಇದ್ದಾರಲ್ಲಪ್ಪ ನಿಮ್ಮಕ್ಕ” ಎಂದ ಎಂಜಿನಿಯರು.

ಸುದ್ದಿ ಮೈಕಣ್ಣನಿಗಿಂತ ಮೊದಲು ಓಣಿ ಮುಟ್ಟಿತ್ತು. ಸಣ್ಣ ಸಾಹೇಬ ಎಲ್ಲರ ಹತ್ತಿರ ಹೇಳಿದ್ದೇನೆ ಎಂದದ್ದು ಸುಳ್ಳಾಗಿರಲಿಲ್ಲ. ಮೈಕಿನ ಕತೆಯನ್ನು ಚಾಲಕರೂ ಜವಾನರೂ ಹೇಳಿಕೊಂಡು ನಕ್ಕಿದ್ದರು. ಮೈಕಣ್ಣ ಓಣಿಗೆ ಕಾಲಿಟ್ಟಾಗ ಯಾರೂ ಬೈಯಲಿಲ್ಲ. ಅವನನ್ನು ಕಂಡವರು ಬಾಗಿಲು ಹಾಕಿಕೊಂಡರು, ಅಷ್ಟೇ.

ಅಕ್ಕ ಹಿತ್ತಿಲಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ತೊಟ್ಟಿಗಳು ಒಣಗಿದ್ದವು. ಆಸ್ಪತ್ರೆಯವರು ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳುವುದಾಗಿ ಆಗಲೇ ಹೇಳಿಕಳಿಸಿದ್ದರು. ಒಗೆಯಲೆಂದು ಅವನ ಆಳು ತಂದು ಹಾಕಿದ ಗವಸುಗಳ ಗಂಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿತ್ತು.

ಮೈಕಣ್ಣ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಸಣ್ಣ ಸಾಹೇಬ ಮೋಸ ಮಾಡಿದ್ದು, ಜಾಗ ಬಂದರಿನದೇ ಎಂದು ಆಣೆ ಮಾಡಿದ ಹಾಗೆ ಹೇಳಿದ್ದು, ಕೈ ತಿರುಗಿಬಿಟ್ಟದ್ದು.

“ಅಕ್ಕಾ” ಎಂದ. “ನಾನು ಬೇಕಂತ...”

ಅಕ್ಕ ಎದ್ದಳು. ಗೋಡೆಯ ಹತ್ತಿರ ಹೋಗಿ ಮೋಟಾರಿನ ಸ್ವಿಚ್ಚು ಹಾಕಿದಳು. ಹಳೆಯ ಮೋಟಾರು ಗುರ್ ಎಂದು ಇಡೀ ಹಿತ್ತಿಲನ್ನು ತುಂಬಿತು. ಅವಳು ವಾಪಸ್ಸು ಬಂದು, ಅವನೆದುರು ನೇರವಾಗಿ ಕೂತು, ಕೈ ಮಡಿಲಲ್ಲಿಟ್ಟುಕೊಂಡಳು. ಮೈಕಣ್ಣ ಮಾತಾಡಿದ. ಗಟ್ಟಿಯಾಗಿ ಮಾತಾಡಿದ, ಕೊನೆಗೆ ಕೂಗಿದ. ಕಣ್ಣಲ್ಲಿ ನೀರೂ ಬಂತು. ತನ್ನ ದನಿ ತನಗೇ ಕೇಳಿಸಲಿಲ್ಲ. ಅಕ್ಕ ಅವನ ತುಟಿಗಳನ್ನೇ ನೋಡುತ್ತಾ ತಾಳ್ಮೆಯಿಂದ ತಲೆ ಅಲ್ಲಾಡಿಸುತ್ತಿದ್ದಳು. ಅವನ ಬಾಯಿ ನಿಂತ ಮೇಲೆ ಎದ್ದು ಮೋಟಾರು ಆರಿಸಿದಳು.

“ದಾಖಲಾಯ್ತು” ಎಂದು ಹೇಳಿ ಒಳಗೆ ಹೋದಳು.